ಮನೆ ಕೊಳ್ಳುವಾಗ ಏಜೆಂಟ್ ಯಾರ ಕಡೆ ಇರ್ತಾರೆ? ಕೈಗೆಟುಕುವ ಮನೆ ಹುಡುಕೋದು ಹೇಗೆ?

ಮೊದಲ ಮನೆ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬಾಡಿಗೆ ಕಟ್ಟಿದ್ದು ಸಾಕು, ಚಿಕ್ಕದಾದರೂ ಸ್ವಂತದ್ದು ಅಂತ ಒಂದಿರಲಿ ಅನ್ನೋದು ನಮ್ಮ ಆಸೆ. ಸ್ವಲ್ಪ ಉಳಿತಾಯ ಇದೆ. ಉಳಿದದ್ದಕ್ಕೆ ಸಾಲ ಮಾಡಬೇಕು.

ಜಾಲತಾಣಗಳಲ್ಲಿ ಮನೆ ನೋಡಿ ನೋಡಿ ಸಾಕಾಗಿದೆ. ಚೆನ್ನಾಗಿದೆ, ಬೆಲೆಯೂ ಕಡಿಮೆ ಇದೆ ಅಂತ ಫೋನ್ ಮಾಡಿದರೆ "ಅದು ಹೋಯ್ತು ಮೇಡಂ, ಅಂಥದ್ದೇ ಇನ್ನೊಂದಿದೆ, ಸ್ವಲ್ಪ ಜಾಸ್ತಿ ಆಗುತ್ತೆ" ಅಂತಾರೆ. ಯಾರಿಗೆ ಮಾಡಿದರೂ ಇದೇ ಮಾತು. ಆಮೇಲೆ ಕೇಳೋದು "ನಿಮ್ಮ ಬಜೆಟ್ ಎಷ್ಟು?" ಅಂತ.

ಒಳ್ಳೆಯ ಏಜೆಂಟರನ್ನು ಗುರುತು ಹಿಡಿಯೋದು ಹೇಗೆ? ನಮ್ಮಂಥವರ ಕೈಗೆ ಎಟುಕುವ ಮನೆಗಳು ನಿಜಕ್ಕೂ ಇವೆಯಾ, ಇದ್ದರೆ ಎಲ್ಲಿ ಸಿಗುತ್ತವೆ? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಏಜೆಂಟ್

ಮೇಡಂ, ನಾನು ಈ ಕೆಲಸದಲ್ಲಿ ಬಹಳ ವರ್ಷ ಇದ್ದೆ, ಈಗ ಬಿಟ್ಟಿದ್ದೇನೆ. ಹಾಗಾಗಿ ಬಿಚ್ಚಿ ಹೇಳುತ್ತೇನೆ.

"ಅದು ಹೋಯ್ತು" ಅನ್ನುವ ಮನೆ ಎಷ್ಟೋ ಸಲ ಮಾರಾಟಕ್ಕೆ ಇದ್ದದ್ದೇ ಅಲ್ಲ. ಹಳೆಯ ಫೋಟೋ, ಕಡಿಮೆ ಬೆಲೆ ಹಾಕಿರುತ್ತಾರೆ, ಫೋನ್ ಬರಲಿ ಅಂತ. ಹಾಗೆ ಮಾಡುವವರ ನಂಬರ್ ಅಲ್ಲೇ ಅಳಿಸಿಬಿಡಿ. ಮೊದಲ ಮಾತೇ ಸುಳ್ಳಾದರೆ ಮುಂದಿನದ್ದನ್ನು ನಂಬೋದು ಹೇಗೆ?

ಏಜೆಂಟ್ ಯಾರ ಕಡೆ ಅನ್ನೋದಕ್ಕೆ ಉತ್ತರ ಕಮಿಷನ್ನಿನಲ್ಲೇ ಇದೆ. ಕಮಿಷನ್ ನೂರಕ್ಕೆ 2 ಅಂತ ಇಟ್ಟುಕೊಳ್ಳಿ. ಮನೆ 100ಕ್ಕೆ ಹೋದರೆ ಏಜೆಂಟ್‌ಗೆ 2 ಸಿಗುತ್ತೆ. ನಿಮ್ಮ ಪರವಾಗಿ ಹಟ ಹಿಡಿದು 95ಕ್ಕೆ ಇಳಿಸಿದರೆ 1.9 ಸಿಗುತ್ತೆ. ನಿಮಗೆ 5 ಉಳೀತು, ಅವರಿಗೆ ಹೋದದ್ದು 0.1 ಮಾತ್ರ. ಅಂದರೆ ಬೆಲೆ ಸ್ವಲ್ಪ ಏರಲಿ, ಇಳಿಯಲಿ, ಅವರಿಗೆ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ವ್ಯವಹಾರ ಮುರಿದುಬಿದ್ದರೆ ಪೂರ್ತಿ 2 ಹೋಗುತ್ತೆ, ಓಡಾಡಿದ ಪೆಟ್ರೋಲೂ ದಂಡ. ಹಾಗಾಗಿ ಏಜೆಂಟ್‌ಗೆ ಎಲ್ಲಕ್ಕಿಂತ ಮೊದಲು ಬೇಕಾದ್ದು ವ್ಯವಹಾರ ಮುಗಿಯೋದು, ಅದೂ ಬೇಗ.

ಇದು ನನ್ನ ಮಾತಷ್ಟೇ ಅಲ್ಲ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅನ್ನುವ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಶಿಕಾಗೊ ಸುತ್ತಮುತ್ತ ನಡೆದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಹೋಲಿಸಿ ನೋಡಿದರು. ಅವರ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು 9.5 ದಿನ ಹೆಚ್ಚು ಕಾಯುತ್ತಿದ್ದರು, ಬೆಲೆಯನ್ನೂ ಶೇ. 3.7ರಷ್ಟು ಜಾಸ್ತಿ ಪಡೆಯುತ್ತಿದ್ದರು. ತಮ್ಮದಾದರೆ ತಾಳ್ಮೆ, ಬೇರೆಯವರದ್ದಾದರೆ ಅವಸರ.

ಈ ಅವಸರ ಕೊಳ್ಳುವವರ ಉಪಯೋಗಕ್ಕೂ ಬರುತ್ತೆ, ಗಮನಿಸಿ. ಬಹಳ ದಿನದಿಂದ ಮಾರಾಟವಾಗದೆ ಉಳಿದ ಮನೆ ಇದ್ದರೆ ಏಜೆಂಟೇ ಮಾಲೀಕರ ಹತ್ತಿರ ಹೋಗಿ "ಸ್ವಲ್ಪ ಇಳಿಸಿ ಸರ್, ಒಳ್ಳೆ ಪಾರ್ಟಿ" ಅಂತ ಹೇಳುತ್ತಾರೆ. ನೀವು ಕೇಳದಿದ್ದರೂ ಹೇಳುತ್ತಾರೆ.

ಏಜೆಂಟ್ ಬೇಡ

ಇಷ್ಟೆಲ್ಲ ಗೊತ್ತಿದ್ದ ಮೇಲೆ ಏಜೆಂಟ್ ಯಾಕೆ ಬೇಕು ಸ್ವಾಮಿ? ನಾವು ಮಾಲೀಕರ ಹತ್ತಿರವೇ ನೇರವಾಗಿ ಮಾತಾಡಿ ಕೊಂಡೆವು. ನಮಗೆ ಇಷ್ಟವಾದ ರಸ್ತೆಗಳಲ್ಲಿ ಸುಮ್ನೆ ಸಂಜೆ ನಡೆದಾಡುತ್ತಿದ್ದೆವು. ಅಂಗಡಿಯವರು, ಇಸ್ತ್ರಿ ಮಾಡುವವರು, ಕಾವಲುಗಾರರು, ಇವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಯಾರ ಮನೆ ಖಾಲಿ ಆಗ್ತಿದೆ, ಯಾರ ಮಗ ಬೇರೆ ಊರಿಗೆ ಹೋಗ್ತಿದ್ದಾನೆ ಎಲ್ಲ ಹೇಳಿದರು. ಜಾಹೀರಾತಿಗೆ ಬರುವ ಮೊದಲೇ ಮನೆ ಸಿಕ್ಕಿತು. ಕಮಿಷನ್ ಉಳೀತು.

ಹಳೇ ಏಜೆಂಟ್

ನೀವು ಮಾಡಿದ್ದು ಸರಿಯಾಗೇ ಇದೆ ಸರ್. ನಡೆದಾಡಿ ಕೇಳೋದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರಿಗೆ ಅಷ್ಟು ಸಮಯ ಸಿಗಬೇಕಲ್ಲ. ಮಾಲೀಕರೇ ನೇರವಾಗಿ ಮಾರಿದಾಗ ಕಮಿಷನ್ ಹಣ ಬಹಳ ಸಲ ಬೆಲೆಯಲ್ಲೇ ಸೇರಿರುತ್ತೆ, ಅದನ್ನೂ ನೋಡಬೇಕು.

ಒಳ್ಳೆಯ ಏಜೆಂಟ್ ನಿಮಗೆ ಕೊಡುವುದು ಮುಖ್ಯವಾಗಿ ಎರಡು. ಒಂದು, ಆ ಬೀದಿಯಲ್ಲಿ ಇತ್ತೀಚೆಗೆ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು ಅನ್ನೋದು. ಜಾಹೀರಾತಿನಲ್ಲಿ ಇರೋದು ಕೇಳುವ ಬೆಲೆ, ಕೊಟ್ಟ ಬೆಲೆ ಬೇರೆ. ಎರಡು, ಮಾಲೀಕರು ಯಾಕೆ ಮಾರುತ್ತಿದ್ದಾರೆ, ಯಾವಾಗ ಹಣ ಬೇಕು ಅನ್ನೋದು. ಮೂರು ತಿಂಗಳಲ್ಲಿ ಊರು ಬಿಡಬೇಕಾದವರು ಒಂದು ಬೆಲೆಗೆ ಒಪ್ಪುತ್ತಾರೆ. "ಒಳ್ಳೆ ಬೆಲೆ ಬಂದರೆ ಕೊಡೋಣ" ಅನ್ನುವವರು ಇನ್ನೊಂದಕ್ಕೆ. ಈ ಎರಡರಲ್ಲಿ ಒಂದನ್ನೂ ಹೇಳಲಾಗದ ಏಜೆಂಟ್ ಬರೀ ಬಾಗಿಲು ತೆಗೆಯೋಕೆ ಬಂದವರು ಅಂತ ತಿಳಿಯಿರಿ.

ಮೊದಲ ಮನೆ

ಹಾಗಾದರೆ ಮೊದಲ ಭೇಟಿಯಲ್ಲಿ ಏನು ಕೇಳಬೇಕು? ನಾವು ಕೇಳಿದರೆ ಅವರಿಗೆ ಬೇಜಾರಾಗಲ್ವಾ?

ಹಳೇ ಏಜೆಂಟ್

ಬೇಜಾರಾದರೆ ಆಗಲಿ ಬಿಡಿ. ಸರಿಯಾದವರಿಗೆ ಆಗುವುದಿಲ್ಲ.

"ಈ ಮನೆಗೆ ನಿಮಗೆ ಕಮಿಷನ್ ಯಾರು ಕೊಡ್ತಾರೆ? ನಾವಾ, ಮಾಲೀಕರಾ, ಇಬ್ಬರೂನಾ?" ಅಂತ ಕೇಳಿ. ಇಬ್ಬರಿಂದಲೂ ತಗೊಳ್ಳುವುದು ಕೆಲವು ಕಡೆ ವಾಡಿಕೆಯೇ. ಅದು ತಪ್ಪು ಅಂತ ಅಲ್ಲ. ಆದರೆ ಆಗ ನಿಮ್ಮ ಪರ ಯಾರೂ ಚೌಕಾಸಿ ಮಾಡುತ್ತಿಲ್ಲ ಅನ್ನೋದು ನಿಮಗೆ ಗೊತ್ತಿರಬೇಕು. ಆ ಕೆಲಸ ನೀವೇ ಮಾಡಬೇಕು.

ಆಮೇಲೆ "ಈ ಮನೆಯಲ್ಲಿ ಏನು ಕೊರತೆ ಇದೆ?" ಅಂತ ಕೇಳಿ ಸುಮ್ಮನಿರಿ. ಕೊರತೆ ಇಲ್ಲದ ಮನೆ ಇಲ್ಲ. "ಮಧ್ಯಾಹ್ನ ಹಿಂದಿನ ಕೋಣೆಗೆ ಬಿಸಿಲು ಹೊಡೆಯುತ್ತೆ, ಬೇಸಿಗೆಯಲ್ಲಿ ಕಷ್ಟ" ಅಂತ ಒಬ್ಬರು ಹೇಳಿದರೆ ಆ ಮನುಷ್ಯರನ್ನು ಬಿಡಬೇಡಿ. "ಏನೂ ಇಲ್ಲ ಮೇಡಂ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂದರೆ ಕಣ್ಣು ಇನ್ನೂ ಅಗಲ ತೆರೆಯಿರಿ.

ಅವರ ಮೂಲಕ ಮನೆ ಕೊಂಡವರ ಹತ್ತಿರ ಮಾತಾಡಿ. ಮಾರಿದವರ ಹತ್ತಿರ ಅಲ್ಲ, ಕೊಂಡವರ ಹತ್ತಿರ. ಕೊಂಡು ಒಂದು ಮಳೆಗಾಲ ಕಳೆದವರಾದರೆ ಇನ್ನೂ ಒಳ್ಳೆಯದು.

ದೂರದೇಶದಿಂದ

ಅಕ್ಕ, ಒಂದು ವಿಷಯ ಸೇರಿಸುತ್ತೇನೆ. ಏಜೆಂಟ್ ಯಾರ ಪರ ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಕೊಳ್ಳುವವರಿಗೆ, ಮಾರುವವರಿಗೆ ಬೇರೆ ಬೇರೆ ಏಜೆಂಟ್ ಇರೋದು ಮಾಮೂಲು. ಆದರೂ ಇಬ್ಬರ ಕಮಿಷನ್ನೂ ಮಾರುವವರ ಕಡೆಯಿಂದಲೇ ಹೋಗುವ ಪದ್ಧತಿ ಬೇರೂರಿತ್ತು. ಅದರ ಮೇಲೆ ಮೊಕದ್ದಮೆ ನಡೆದು ರಾಜಿ ಆಯಿತು. 2024ರ ಆಗಸ್ಟ್ 17ರಿಂದ ಅಲ್ಲಿ ಕೊಳ್ಳುವವರ ಏಜೆಂಟ್ ಮನೆ ತೋರಿಸುವ ಮೊದಲೇ ತನ್ನ ಶುಲ್ಕ ಎಷ್ಟು ಅಂತ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಏಜೆಂಟರನ್ನು ನೇಮಿಸೋದು ಮಾರುವವರು, ಹಣ ಕೊಡೋದೂ ಅವರೇ. ಅಲ್ಲಿ ಏಜೆಂಟ್ ಎಷ್ಟೇ ನಗುನಗುತ್ತಾ ಮಾತಾಡಿದರೂ ಅವರು ಎದುರು ಪಕ್ಷದವರು.

ಕಾನೂನು ಇರಲಿ, ಇಲ್ಲದಿರಲಿ, ಶುಲ್ಕವನ್ನು ಮೊದಲೇ ಬರೆಸಿಕೊಳ್ಳೋದು ಎಲ್ಲ ಕಡೆಯೂ ಮಾಡಬಹುದಾದ ಕೆಲಸ. ಒಂದು ಸಾದಾ ಮೆಸೇಜ್ ಆದರೂ ಸಾಕು. ಎಷ್ಟು, ಯಾವಾಗ ಕೊಡಬೇಕು, ವ್ಯವಹಾರ ಮುರಿದರೆ ಏನು, ಈ ಮೂರೂ ಅದರಲ್ಲಿ ಇರಲಿ.

ಲೆಕ್ಕದ ಪುಸ್ತಕ

ನೀವೆಲ್ಲ ಏಜೆಂಟ್ ಬಗ್ಗೆ ಮಾತಾಡ್ತಿದ್ದೀರಿ. ನನಗೆ ಅನ್ನಿಸೋದು, ಏಜೆಂಟ್‌ಗೆ ಫೋನ್ ಮಾಡುವ ಮೊದಲು "ಕೈಗೆಟುಕುವ" ಅಂದರೆ ಎಷ್ಟು ಅಂತ ಮನೆಯಲ್ಲೇ ಕೂತು ತೀರ್ಮಾನ ಆಗಬೇಕು. ಬ್ಯಾಂಕ್ ಎಷ್ಟು ಸಾಲ ಕೊಡುತ್ತೆ ಅನ್ನೋದು ನಿಮ್ಮ ಶಕ್ತಿಯ ಅಳತೆ ಅಲ್ಲ. ಅದು ಬ್ಯಾಂಕ್ ತೆಗೆದುಕೊಳ್ಳಲು ಸಿದ್ಧ ಇರುವ ರಿಸ್ಕಿನ ಅಳತೆ.

ಒಂದು ಲೆಕ್ಕ ತೋರಿಸುತ್ತೇನೆ. ಸಾಲ 100, ಬಡ್ಡಿ ಶೇ. 9 ಅಂತ ಇಟ್ಟುಕೊಳ್ಳಿ. 15 ವರ್ಷಕ್ಕೆ ತಗೊಂಡರೆ ಒಟ್ಟು ಕಟ್ಟೋದು ಸುಮಾರು 183. 20 ವರ್ಷಕ್ಕೆ 216. 30 ವರ್ಷಕ್ಕೆ 290. ಈಗ 20ರಿಂದ 30 ವರ್ಷಕ್ಕೆ ಹೋದರೆ ತಿಂಗಳ ಕಂತು ಎಷ್ಟು ಇಳಿಯುತ್ತೆ ಗೊತ್ತಾ? ಹತ್ತರಲ್ಲಿ ಒಂದು ಪಾಲು, ಅಷ್ಟೇ. ಬಡ್ಡಿ ಮಾತ್ರ 116ರಿಂದ 190ಕ್ಕೆ ಏರುತ್ತೆ. "ಅವಧಿ ಜಾಸ್ತಿ ಮಾಡಿ ಮೇಡಂ, ಕಂತು ಕಡಿಮೆ ಆಗುತ್ತೆ, ಇನ್ನೂ ದೊಡ್ಡ ಮನೆ ಬರುತ್ತೆ" ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿಡಿ.

20 ವರ್ಷದ ಸಾಲದಲ್ಲಿ ಮೊದಲ ತಿಂಗಳ ಕಂತು 0.90. ಅದರಲ್ಲಿ 0.75 ಬಡ್ಡಿಗೇ ಹೋಗುತ್ತೆ. ಅಸಲು ಕರಗೋದು ಬರೀ 0.15. ಹಾಗಾಗಿ ಮೊದಲ ವರ್ಷಗಳಲ್ಲಿ ಬೋನಸ್ಸೋ ಚೀಟಿ ಹಣವೋ ಬಂದಾಗ ಅಸಲಿಗೆ ಕಟ್ಟಿಬಿಟ್ಟರೆ ಬಹಳ ಲಾಭ. ಭಾರತದಲ್ಲಿ ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ಇನ್ನೊಂದು. ಮನೆ ಬೆಲೆಯಷ್ಟೂ ಸಾಲ ಸಿಗುವುದಿಲ್ಲ. ಭಾರತದಲ್ಲಿ ಸಾಲ ಎಷ್ಟು ದೊಡ್ಡದು ಅನ್ನೋದರ ಮೇಲೆ ಬೆಲೆಯ ಶೇ. 75ರಿಂದ 90ರವರೆಗೆ ಮಿತಿ ಇದೆ. ಬೆಲೆಯಲ್ಲಿ ಉಳಿದದ್ದು, ಮುದ್ರಾಂಕ ಶುಲ್ಕ, ನೋಂದಣಿ ಖರ್ಚು, ವಕೀಲರ ಫೀಸು, ಕಮಿಷನ್, ಮನೆ ಸೇರುವ ಮೊದಲಿನ ರಿಪೇರಿ, ಇದೆಲ್ಲ ಕೈಯಿಂದಲೇ ಬರಬೇಕು. ಇಷ್ಟಾದ ಮೇಲೂ ಕೆಲವು ತಿಂಗಳ ಕಂತಿನಷ್ಟು ಹಣ ಉಳಿದಿರಬೇಕು. ಇಬ್ಬರಲ್ಲಿ ಒಬ್ಬರ ಸಂಬಳ ನಿಂತರೆ ಸಂಸಾರ ನಡೆಯುತ್ತಾ ಅಂತ ಒಂದು ಸಲ ಬರೆದು ನೋಡಿ. ನಡೆಯೋದಾದರೆ ಆ ಮನೆ ನಿಮ್ಮ ಕೈಗೆ ಎಟುಕುತ್ತೆ.

ಬಜೆಟ್ ಕೇಳಿದಾಗ ಕೊನೆಯ ಅಂಕಿಯನ್ನು ಬಾಯಿಬಿಡಬೇಡಿ. ನೀವು 100 ಅಂದರೆ ಅವರು 110ರ ಮನೆ ತೋರಿಸುತ್ತಾರೆ. ನಿಮ್ಮ ಮಿತಿ 100 ಆಗಿದ್ದರೆ 85 ಅಂತ ಹೇಳಿ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ತೋರಿಸಿ ಅಂದರೂ ಬೆಲೆ ಮಾತು ಮುಗಿಯುವವರೆಗೆ ತೋರಿಸಬೇಡಿ.

ಹಳೇ ಏಜೆಂಟ್

ಲೆಕ್ಕದ ಸರ್ ಹೇಳಿದ್ದು ಸರಿ, ಆದರೆ ತೀರಾ ಕಡಿಮೆ ಹೇಳಿದರೆ ನಿಮಗೆ ಹೊಂದುವ ಮನೆಗಳೇ ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ಕೆಳಗೆ ಹೇಳಿ, ಸಾಕು.

ಹಳೇ ಮನೆ ಇಷ್ಟ

ಕೈಗೆಟುಕುವ ಮನೆ ಎಲ್ಲಿರುತ್ತೆ ಅನ್ನೋ ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬೇರೆಯವರು ನೋಡಿ ಮುಖ ತಿರುಗಿಸಿ ಹೋದ ಮನೆಗಳಲ್ಲಿ ಇರುತ್ತೆ. ಅವರು ಯಾಕೆ ಮುಖ ತಿರುಗಿಸಿದರು ಅನ್ನೋದನ್ನ ಮಾತ್ರ ಸರಿಯಾಗಿ ತಿಳಿಯಬೇಕು.

ನಾವು ಕೊಂಡ ಮನೆ ಮೊದಲ ಸಲ ನೋಡಿದಾಗ ಯಾರಿಗೂ ಇಷ್ಟ ಆಗುವಂಥದ್ದಲ್ಲ. ಗೋಡೆಗೆ ಕಡು ನೀಲಿ ಬಣ್ಣ. ಅಡುಗೆಮನೆ ಸ್ಲ್ಯಾಬ್ ಒಡೆದಿತ್ತು. ಕೋಣೆ ತುಂಬಾ ಹಳೇ ಬೀರು, ಟ್ರಂಕು, ಕಾಲಿಡಲು ಜಾಗ ಇಲ್ಲ. ಕಿಟಕಿಗೆಲ್ಲ ರಟ್ಟು ಹೊಡೆದಿದ್ದರು. ನಮ್ಮ ಅತ್ತಿಗೆ ಹೋಗಿ ಒಂದು ರಟ್ಟು ಸರಿಸಿದರು. ಬೆಳಕು ಒಳಗೆ ಬಂತು, ಜತೆಗೆ ಗಾಳಿ. ಎದುರು ಬದಿಯ ಕಿಟಕಿಯನ್ನೂ ತೆಗೆದ ಮೇಲೆ ಕೋಣೆಯೇ ಬೇರೆ. ಬಣ್ಣ ಬಳಿಸಬಹುದು, ಸ್ಲ್ಯಾಬ್ ಹಾಕಿಸಬಹುದು, ಬೀರು ಮಾಲೀಕರ ಜತೆ ಹೋಗುತ್ತೆ. ಬೆಳಕು, ಗಾಳಿ ಯಾವ ಮೇಸ್ತ್ರಿಯೂ ತಂದುಕೊಡಲಾರ.

ಇದರ ಉಲ್ಟಾ ಮನೆಗಳೂ ಇರುತ್ತವೆ. ಹೊಸ ಬಣ್ಣ, ಹೊಸ ಲೈಟು, ಮಿಂಚುವ ನೆಲ. ಒಂದು ಕಡೆ ನೋಡಿದ್ದೆವು, ಮಿಕ್ಕ ಗೋಡೆ ಎಲ್ಲ ಹಳೇ ಬಣ್ಣ, ಬಚ್ಚಲಮನೆಗೆ ಹೊಂದಿದ ಗೋಡೆ ಮಾತ್ರ ಹೊಸದು. ಬೀರುವಿನ ಹಿಂದೆ ಅಂಗೈ ಇಟ್ಟು ನೋಡಿದರೆ ತಣ್ಣಗೆ, ಉಗುರಿನಲ್ಲಿ ಒತ್ತಿದರೆ ಪುಟ್ಟಿ ಪುಡಿಪುಡಿ. ಒಳಗೆ ಪೈಪು ಸೋರುತ್ತಿತ್ತು. ನೋಡೋಕೆ ಹೋದಾಗ ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ನೀರಿನ ಒತ್ತಡ ನೋಡಿ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಇಳಿಯುತ್ತೆ ನೋಡಿ. ಮೇಲಿನ ಮಹಡಿಯಾದರೆ ಛಾವಣಿಗೆ ಹತ್ತಿ, ಕೆಳಗಿನದಾದರೆ ಮಳೆ ಬಂದ ಮಾರನೇ ದಿನ ಹೋಗಿ. ಅದೇ ಮನೆಯನ್ನು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿ. ಗಲಾಟೆ, ನಾಯಿ, ವಾಹನ ನಿಲ್ಲಿಸುವ ಜಗಳ, ಯಾವುದೂ ಭಾನುವಾರ ಬೆಳಗ್ಗೆ ಗೊತ್ತಾಗುವುದಿಲ್ಲ.

ಫ್ಲ್ಯಾಟ್ ಆದರೆ ನಿವಾಸಿಗಳ ಸಂಘದ ಲೆಕ್ಕ ಕೇಳಿ. ಲಿಫ್ಟ್ ಹಳೆಯದಾಗಿದ್ದು ಸಂಘದ ಹತ್ತಿರ ಹಣ ಇಲ್ಲ ಅಂದರೆ ಅದು ನಾಳೆ ನಿಮ್ಮ ತಲೆ ಮೇಲೆ ಬರುತ್ತೆ. ಬೆಲೆ ಕಡಿಮೆ ಅಂತ ಅನ್ನಿಸಿದ್ದು ಕಡಿಮೆ ಆಗಿರಲ್ಲ.

ಮೊದಲ ಮನೆ

ಅತ್ತಿಗೆ ರಟ್ಟು ಸರಿಸಿದ್ದು ಓದಿ ಖುಷಿ ಆಯ್ತು ಅಕ್ಕ. ನಾವು ಫೋಟೋ ನೋಡಿಯೇ ಎಷ್ಟೋ ಮನೆಗಳನ್ನು ಬೇಡ ಅಂದಿದ್ದೆವು, ಮತ್ತೆ ತೆಗೆದು ನೋಡುತ್ತೇವೆ.

ಬ್ಯಾಂಕ್ ಹರಾಜಿನಲ್ಲಿ ಮನೆ ಕಡಿಮೆಗೆ ಸಿಗುತ್ತೆ ಅಂತಾರಲ್ಲ, ಅದು ಹೇಗೆ?

ಕಾಗದಪತ್ರ

ಮೇಡಂ, ಮೊದಲ ಮನೆಗೆ ಆ ದಾರಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಸಾಲ ಕಟ್ಟದವರ ಆಸ್ತಿಯನ್ನು ಭಾರತದಲ್ಲಿ ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುತ್ತವೆ. ಇರುವ ಸ್ಥಿತಿಯಲ್ಲೇ ಮಾರುತ್ತಾರೆ. ಒಳಗೆ ಹಳೇ ಮಾಲೀಕರೋ ಬಾಡಿಗೆದಾರರೋ ಇನ್ನೂ ಇರಬಹುದು. ಪ್ರಕಟಣೆಯಲ್ಲಿ ಸಾಂಕೇತಿಕ ಸ್ವಾಧೀನ ಅಂತ ಇದ್ದರೆ ಬೀಗದ ಕೈ ಬ್ಯಾಂಕಿನ ಹತ್ತಿರವೂ ಇಲ್ಲ ಅಂತ ಅರ್ಥ. ಗೆದ್ದವರು ಅಂದೇ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ ಬೆಲೆಯ ಶೇ. 25 ಕಟ್ಟಬೇಕು. ಉಳಿದದ್ದಕ್ಕೆ ಮಾರಾಟ ದೃಢವಾದ ಮೇಲೆ ಸಾಮಾನ್ಯವಾಗಿ 15 ದಿನ. ಗೃಹಸಾಲ ಅಷ್ಟರಲ್ಲಿ ಕೈಗೆ ಬರೋದು ಕಷ್ಟ. ಕಟ್ಟದಿದ್ದರೆ ಮೊದಲು ಕಟ್ಟಿದ್ದು ಹೋಗುತ್ತೆ.

ಇನ್ನು ಎಲ್ಲರಿಗೂ ಹೇಳಬೇಕಾದ್ದು. ಏಜೆಂಟ್ ಎಷ್ಟೇ ಒಳ್ಳೆಯವರಿರಲಿ, ಕಾಗದ ನೋಡೋದು ಅವರ ಕೆಲಸ ಅಲ್ಲ. ಅವರೇ ತೋರಿಸಿದ ವಕೀಲರೂ ಬೇಡ. ನಿಮ್ಮ ಹಣ ಪಡೆದು ನಿಮಗೇ ಉತ್ತರ ಕೊಡುವ ವಕೀಲರು ಬೇಕು. ಮಾರುವವರ ಹೆಸರಿಗೆ ಆಸ್ತಿ ಹೇಗೆ ಬಂತು, ಅವರ ಹಿಂದಿನವರಿಗೆ ಹೇಗೆ ಬಂತು, ಕೊಂಡಿ ಎಲ್ಲೂ ತಪ್ಪಿರಬಾರದು. ಪಿತ್ರಾರ್ಜಿತವಾದರೆ ಎಲ್ಲ ಪಾಲುದಾರರ ಸಹಿ ಬೇಕು, ಹೆಣ್ಣುಮಕ್ಕಳದ್ದೂ. ಅಡಮಾನ ಇದೆಯಾ ಅಂತ ಋಣಭಾರ ಪತ್ರದಲ್ಲಿ ನೋಡಿ. ಆದರೆ ಅದರಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯ ಮೂಲ ಪತ್ರವನ್ನು ಸಾಲ ಕೊಟ್ಟವರ ಕೈಗೆ ಕೊಟ್ಟು ತಂದ ಸಾಲ ಅದರಲ್ಲಿ ಕಾಣದೇ ಇರಬಹುದು. ಅದಕ್ಕೇ ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು, ಜೆರಾಕ್ಸ್ ನಂಬಬಾರದು.

ಕಟ್ಟುತ್ತಿರುವ ಫ್ಲ್ಯಾಟ್ ಆದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಸಹಾಯಕ್ಕೆ ಬರುತ್ತೆ. ನೋಂದಾಯಿತ ಯೋಜನೆಯ ಮನೆ ಮಾರಿಸುವ ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ನಂಬರ್ ಕೇಳಿ, ರಾಜ್ಯದ ರೇರಾ ಜಾಲತಾಣದಲ್ಲಿ ಹಾಕಿ ನೋಡಿ. ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಬೆಲೆಯನ್ನು ಹೋಲಿಸುವಾಗ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸುವ ಜಾಗದ ಲೆಕ್ಕದಲ್ಲೇ ಹೋಲಿಸಿ. ಸೂಪರ್ ಬಿಲ್ಟ್ ಅಪ್‌ನಲ್ಲಿ ಮೆಟ್ಟಿಲು, ಲಿಫ್ಟು, ಓಣಿ ಎಲ್ಲ ಸೇರಿಸಿ ಮನೆ ದೊಡ್ಡದು ಮಾಡಿ ತೋರಿಸುತ್ತಾರೆ. ಬೆಲೆಯನ್ನು ಆ ದೊಡ್ಡ ಚದರಡಿಯಿಂದ ಭಾಗಿಸಿದಾಗ ಮನೆ ಅಗ್ಗ ಅನ್ನಿಸುತ್ತೆ.

ಏಜೆಂಟ್ ಬೇಡ

ಕಾಗದದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ ಸರ್. ನಾವೂ ಉಳಿದ ಕಮಿಷನ್ನಿನಲ್ಲಿ ಒಂದು ಪಾಲನ್ನು ವಕೀಲರಿಗೇ ಕೊಟ್ಟೆವು.

ಮೊದಲ ಮನೆ

ಇವತ್ತು ಒಬ್ಬ ಏಜೆಂಟ್ ಹತ್ತಿರ ನೀವು ಹೇಳಿದ ಪ್ರಶ್ನೆ ಕೇಳಿದೆವು. ಕಮಿಷನ್ ಯಾರು ಕೊಡ್ತಾರೆ ಅಂದಾಗ "ಇಬ್ಬರೂ ಕೊಡ್ತಾರೆ ಮೇಡಂ, ಅದಕ್ಕೇ ಬೆಲೆ ನೀವೇ ಮಾತಾಡಿ, ನಾನು ಮಧ್ಯೆ ಬರಲ್ಲ" ಅಂತ ನೇರವಾಗಿ ಹೇಳಿದರು. ಕೊರತೆ ಏನು ಅಂದಾಗ ಸ್ವಲ್ಪ ಯೋಚಿಸಿ, "ನೀರು ಸಂಜೆ ಮಾತ್ರ ಬರುತ್ತೆ, ತೊಟ್ಟಿ ಚಿಕ್ಕದು" ಅಂದರು. ಆ ಮನೆ ನಮಗೆ ಹಿಡಿಸಲಿಲ್ಲ. ಆದರೆ ಮನುಷ್ಯ ಹಿಡಿಸಿದರು.

ಅದೇ ಹೊತ್ತಿಗೆ ಬೇರೊಬ್ಬರ ಫೋನ್. ಹೋದ ವಾರ ನಾವು ನೋಡಿದ ಮನೆಗೆ ಸಂಜೆ ಇನ್ನೊಂದು ಪಾರ್ಟಿ ಟೋಕನ್ ಕೊಡ್ತಾರಂತೆ, ನೀವು ಈಗಲೇ ಸ್ವಲ್ಪ ಹಾಕಿದರೆ ಹಿಡಿದಿಡುತ್ತೇನೆ ಅಂತಾರೆ. ಆ ಮನೆ ನಮಗೆ ಇಷ್ಟ ಇದೆ. ಏನು ಮಾಡೋದು?

ಹಳೇ ಏಜೆಂಟ್

ಆ ಪಾರ್ಟಿ ನಿಜವಾಗಿಯೂ ಇರಬಹುದು. ಇಲ್ಲದೆಯೂ ಇರಬಹುದು. ಎರಡಕ್ಕೂ ಉತ್ತರ ಒಂದೇ: ಏಜೆಂಟ್ ಖಾತೆಗೆ ಒಂದು ಪೈಸೆಯನ್ನೂ ಹಾಕಬೇಡಿ. "ಟೋಕನ್ ಮಾಲೀಕರ ಖಾತೆಗೇ ಹಾಕ್ತೇವೆ, ಒಂದು ಹಾಳೆ ಬರೆದು ಸಹಿ ಮಾಡಿಕೊಡಲಿ" ಅನ್ನಿ. ಪಾರ್ಟಿ ಕಟ್ಟುಕಥೆಯಾಗಿದ್ದರೆ ಸಂಜೆಯ ಅವಸರ ಅಲ್ಲೇ ಇಳಿಯುತ್ತೆ.

ಕಾಗದಪತ್ರ

ಹಾಳೆಯಲ್ಲಿ ಇರಬೇಕಾದ್ದು: ಮನೆಯ ಪೂರ್ತಿ ವಿವರ, ಒಪ್ಪಿದ ಬೆಲೆ, ಟೋಕನ್ ಮೊತ್ತ, ಎಷ್ಟು ದಿನದೊಳಗೆ ಕ್ರಯದ ಕರಾರು ಆಗಬೇಕು ಅನ್ನೋದು. ಕೊನೆಗೆ ಈ ಸಾಲನ್ನು ಮರೆಯದೆ ಸೇರಿಸಿ: "ಕೊಳ್ಳುವವರ ವಕೀಲರಿಗೆ ದಾಖಲೆಗಳು ಸರಿ ಎನಿಸದಿದ್ದರೆ ಅಥವಾ ಬ್ಯಾಂಕ್ ಸಾಲ ಮಂಜೂರು ಮಾಡದಿದ್ದರೆ ಟೋಕನ್ ಹಣವನ್ನು ಏಳು ದಿನದೊಳಗೆ ಪೂರ್ತಿ ಹಿಂದಿರುಗಿಸುವುದು." ಅದಕ್ಕೆ ಮಾಲೀಕರು ಒಪ್ಪಿದರೆ ಸಣ್ಣ ಮೊತ್ತ ಹಾಕಿ. ಒಪ್ಪದಿದ್ದರೆ ಬಿಡಿ. ಪತ್ರಗಳ ಪ್ರತಿ ಸಿಕ್ಕಿದ ಮೇಲೆ ಇಲ್ಲೇ ಕೇಳಿ ಮೇಡಂ, ಯಾವುದನ್ನು ಮೊದಲು ನೋಡಬೇಕು ಅಂತ ಹೇಳುತ್ತೇನೆ.

ಮೊದಲ ಮನೆ

ಫೋನ್ ಮಾಡಿ ಹಾಗೇ ಹೇಳಿದೆ ಸರ್. ಮಾಲೀಕರನ್ನು ಕೇಳಿ ನಾಳೆ ತಿಳಿಸುತ್ತೇನೆ ಅಂದರು. ಸಂಜೆಯ ಪಾರ್ಟಿ ಬಗ್ಗೆ ಮತ್ತೆ ಮಾತೇ ಎತ್ತಲಿಲ್ಲ.